ಮೆಟ್ಟಿಲಿನ ದೀಪ ಯಾರದು?



ಇವತ್ತಿನ ವಿಷಯ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ: ‘ಕಮ್ಯುನಿಸ್ಟ್ ಆಳ್ವಿಕೆ ಮುಗಿದ ದೇಶಗಳಲ್ಲಿ ಆಡಳಿತ, ಜನರ ಸುರಕ್ಷತೆ ಮತ್ತು ನಗರಗಳ ಬದಲಾವಣೆ’. ಪತ್ರಿಕೆ ಓದಿದ್ದ ಒಬ್ಬರು ನಾನು ಎನ್. ಬೇಗೂರಿನಲ್ಲಿ ಬಸ್ಸಿಳಿದ ಕೂಡಲೇ ಕೇಳಿದರು: ‘ಸ್ವಾಮಿ, ಸಂಜೆ ಆರಾಯ್ತು ಅಂದ್ರೆ ಆನೆಗೆ ಹೆದರಿ ಬಾಗಿಲು ಹಾಕೋರು ನಾವು. ಮಾಸ್ಕೋ ಕಟ್ಟಿಕೊಂಡು ನಮಗೇನಾಗಬೇಕು?’ ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡದೆ ನಾನು ಇಲ್ಲಿಂದ ಹೊರಡುವುದಿಲ್ಲ.

ನಾನು ಹೊಗೆಸೊಪ್ಪಿನ ಮನೆಯವನು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಯವರಿಗೆ ಆ ಮನೆ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಸೊಪ್ಪು ಹದಗೊಳಿಸುವ ಬ್ಯಾರನ್ನಿಗೆ ಎಲೆ ತುಂಬಿದ ಮೇಲೆ ಒಲೆಯ ಮುಂದೆ ಯಾರಾದರೊಬ್ಬರು ರಾತ್ರಿಯಿಡೀ ಎದ್ದಿರಬೇಕು. ಸೌದೆ ಹೆಚ್ಚಾದರೆ ಎಲೆ ಸುಟ್ಟೀತು, ಕಡಿಮೆಯಾದರೆ ಬಣ್ಣ ಕೆಟ್ಟೀತು. ನಮ್ಮ ಮನೆಯಲ್ಲಿ ಆ ಕೆಲಸ ದೊಡ್ಡಪ್ಪನದು. ಅವರ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತು ನಾನು ಕೇಳಿದ ಮಾತುಗಳಲ್ಲಿ ಒಂದು ಇವತ್ತಿನವರೆಗೂ ನನ್ನನ್ನು ಬಿಟ್ಟಿಲ್ಲ.

ಆಗೆಲ್ಲ ನಮ್ಮ ಸೀಮೆಯ ಸೊಪ್ಪಿಗೆ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ. ಎರಡು ದೇಶಗಳ ನಡುವೆ ರೂಪಾಯಿ ಲೆಕ್ಕದಲ್ಲೇ ವ್ಯಾಪಾರ ನಡೆಯುತ್ತಿತ್ತು, ಡಾಲರ್ ಬೇಕಿರಲಿಲ್ಲ. ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂದದ್ದು 1984ರಲ್ಲಿ. ಅಲ್ಲಿಂದ ಹರಾಜು ಕಟ್ಟೆಯಲ್ಲಿ ‘ರಷ್ಯಾಕ್ಕೆ ಹೋಗೋ ಮಾಲು’ ಅನ್ನುವುದು ಬಾಯಿಮಾತೇ ಆಗಿತ್ತು. 1991ರ ಡಿಸೆಂಬರ್ ತಿಂಗಳು, ಹರಾಜು ನಡೆಯುತ್ತಿದ್ದ ಕಾಲ. 25ರ ರಾತ್ರಿ ಕ್ರೆಮ್ಲಿನ್ನಿನ ಮೇಲಿಂದ ಕೆಂಪು ಬಾವುಟ ಇಳಿಯಿತು. ಒಂದು ದೇಶವಿದ್ದಲ್ಲಿ 15 ದೇಶಗಳಾದವು. ಕೊಳ್ಳುವವರು ಯಾರು, ಹಣ ಕೊಡುವವರು ಯಾರು, ಯಾವ ನಾಣ್ಯದಲ್ಲಿ ಎಂಬುದೇ ಯಾರಿಗೂ ತಿಳಿಯದಾಯಿತು. ಮುಂದೆ 1993ರ ಜನವರಿಯಲ್ಲಿ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ದೆಹಲಿಗೆ ಬಂದಾಗ ಸೋವಿಯತ್ ಕಾಲದ ಹಳೆಯ ಸಾಲವನ್ನು ನಾವು ಸರಕಿನ ರೂಪದಲ್ಲಿ ತೀರಿಸಬಹುದೆಂಬ ಒಪ್ಪಂದವಾಯಿತು. ಅಷ್ಟರವರೆಗೆ ಅನುಭವಿಸಿದವರು ಬೆಳೆಗಾರರು. ಒಕ್ಕೂಟ ಕುಸಿದ ಮುಂದಿನ ಸುಗ್ಗಿಯ ಹೊತ್ತಿಗೆ ನಮ್ಮ ಮನೆಯ ಬೇಲುಗಳಲ್ಲಿ ಕೆಲವು ಯಾರೂ ಕೂಗದೆ ವಾಪಸು ಬಂದವು. ಆ ರಾತ್ರಿ ದೊಡ್ಡಪ್ಪ ಬೀಡಿ ಹಚ್ಚಿಕೊಂಡು ಕೇಳಿದರು: ‘ಅಲ್ಲ ಕಣ್ ಮಗ, ಒಂದು ದೇಶ ಹಂಗೇ ಇಲ್ದಂಗ್ ಆಗೋದುಂಟಾ? ಊರು ಮನೆ ಎಲ್ಲ ಅಲ್ಲೇ ಇರತ್ತಲ್ಲ?’

ಊರು ಮನೆ ಎಲ್ಲ ಅಲ್ಲೇ ಇತ್ತು. ಹಾಗಾದರೆ ಇಲ್ಲವಾದದ್ದು ಯಾವುದು? ರಾಜ್ಯಶಾಸ್ತ್ರ ಓದಲು ಹೋದದ್ದೇ ಆ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು. ನನಗೆ ಹೊಳೆದ ಉತ್ತರ ಯಾವ ಸಿದ್ಧಾಂತದ ಪುಸ್ತಕದಲ್ಲೂ ಇರಲಿಲ್ಲ. ಅದು ಇದ್ದದ್ದು ಒಂದು ಮೆಟ್ಟಿಲ ಮೇಲೆ.

ಆ ಮೆಟ್ಟಿಲನ್ನು ನಿಮಗೆ ತೋರಿಸಬೇಕು. 1957ರಲ್ಲಿ ಸೋವಿಯತ್ ಒಕ್ಕೂಟದ ಖ್ರುಶ್ಚೇವ್ ಸರ್ಕಾರ ಪ್ರತಿ ಸಂಸಾರಕ್ಕೂ ಒಂದು ಮನೆ ಎಂದು ಪಣ ತೊಟ್ಟಿತು. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ತಂದು ಜೋಡಿಸಿ, ಐದಂತಸ್ತಿನ ಲಿಫ್ಟಿಲ್ಲದ ಕಟ್ಟಡಗಳನ್ನು ಸಾಲು ಸಾಲಾಗಿ ಎಬ್ಬಿಸಿದರು. ಪುಟ್ಟ ಅಡಿಗೆಮನೆ, ತೆಳು ಗೋಡೆ. ಆದರೂ ಅಲ್ಲಿಯವರೆಗೆ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ತುಂಬಿಕೊಂಡಿದ್ದ ಜನಕ್ಕೆ ಅದು ಸ್ವರ್ಗ. ಇದನ್ನು ನಾವು ಹಗುರ ಮಾಡಬಾರದು. ಆ ವ್ಯವಸ್ಥೆ ಜನರ ಬಾಯಿ ಕಟ್ಟಿತು, ಲಕ್ಷಾಂತರ ಮಂದಿಯನ್ನು ಶಿಬಿರಗಳಿಗೆ ಅಟ್ಟಿತು, ಕಲ್ಮೀಕರಂಥ ಇಡೀ ಜನಾಂಗವನ್ನೇ 1943ರ ಚಳಿಗಾಲದಲ್ಲಿ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿತು. ಅದೇ ವ್ಯವಸ್ಥೆ ಶಾಲೆ, ಆಸ್ಪತ್ರೆ, ತಲೆಯ ಮೇಲೆ ಸೂರನ್ನೂ ಕೊಟ್ಟಿತು. ಎರಡೂ ನಿಜ.

1991ರ ಜುಲೈಯಲ್ಲಿ ರಷ್ಯಾ ಒಂದು ಕಾನೂನು ಮಾಡಿತು. ವಾಸವಿರುವವರೇ ಆ ಮನೆಯನ್ನು ದುಡ್ಡಿಲ್ಲದೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ಮನೆ ಜನರದಾಯಿತು. ಆದರೆ ಬಾಗಿಲ ಹೊರಗಿನ ಮೆಟ್ಟಿಲು? ಮೆಟ್ಟಿಲ ತಿರುವಿನ ದೀಪ? ಕೆಳಗಿನ ಅಂಚೆಪೆಟ್ಟಿಗೆ, ಕಸದ ಕೊಳವೆ, ಅಂಗಳದ ಜೋಕಾಲಿ? ಅವೆಲ್ಲ ಹಿಂದೆ ಸರ್ಕಾರದವು, ಸರ್ಕಾರವೇ ಹಾಕುತ್ತಿತ್ತು, ತೆಗೆಯುತ್ತಿತ್ತು. ಈಗ ಸರ್ಕಾರಕ್ಕೆ ಸಂಬಳ ಕೊಡಲೂ ಗತಿಯಿಲ್ಲ. ದೀಪ ಕೆಟ್ಟರೆ ಬದಲಿಸುವವರಿಲ್ಲ. ಒಬ್ಬರು ಕೈಯಿಂದ ಹಾಕಿದರೆ ಮರುದಿನ ಇನ್ನಾರೋ ಬಿಚ್ಚಿಕೊಂಡು ಹೋದರು. ಕತ್ತಲೆಯ ಮೆಟ್ಟಿಲಲ್ಲಿ ಕುಡುಕರು ಬಂದು ಕೂತರು, ಅಂಚೆಪೆಟ್ಟಿಗೆಗೆ ಬೆಂಕಿ ಬಿತ್ತು. ಜನ ಮಾಡಿದ್ದೇನೆಂದರೆ, ತಂತಮ್ಮ ಮನೆಗೆ ಕಬ್ಬಿಣದ ಬಾಗಿಲು ಹಾಕಿಸಿದರು. ತೊಂಬತ್ತರ ದಶಕದಲ್ಲಿ ಆ ದೇಶದ ಊರೂರಿನಲ್ಲಿ ಭರಾಟೆಯಿಂದ ನಡೆದ ಧಂದೆಗಳಲ್ಲಿ ಕಬ್ಬಿಣದ ಬಾಗಿಲೂ ಒಂದು. ಒಂದೇ ಮಹಡಿಯಲ್ಲಿ ನಾಲ್ಕು ಮನೆ, ನಾಲ್ಕು ಕಬ್ಬಿಣದ ಬಾಗಿಲು, ಒಂದೊಂದಕ್ಕೆ ಎರಡೆರಡು ಮೂರು ಮೂರು ಬೀಗ. ನಾಲ್ಕರ ನಡುವೆ ದೀಪವಿಲ್ಲದ ಎರಡು ಮಾರು ಜಾಗ. ನಾಲ್ವರೂ ಹೆದರುತ್ತಿದ್ದದ್ದು ಆ ಎರಡು ಮಾರಿಗೇ.

ರಷ್ಯನ್ನರು ಇದಕ್ಕೆ ‘ನಿಚ್ಯೋ’ ಅನ್ನುತ್ತಾರೆ, ಅಂದರೆ ಯಾರದ್ದೂ ಅಲ್ಲದ್ದು. ನಮ್ಮಲ್ಲಿ ಅದಕ್ಕೆ ತದ್ವಿರುದ್ಧವಾದ ಮಾತಿದೆ: ಊರೊಟ್ಟು. ಕೆರೆ ಊರೊಟ್ಟು, ಗೋಮಾಳ ಊರೊಟ್ಟು, ಮಾರಿಹಬ್ಬದ ತಮಟೆ ಊರೊಟ್ಟು. ಯಾರೊಬ್ಬರದೂ ಅಲ್ಲ, ಆದ್ದರಿಂದಲೇ ಎಲ್ಲರದು. ಒಂದು ವಸ್ತು ಊರೊಟ್ಟಿನಿಂದ ಜಾರಿ ಯಾರದ್ದೂ ಅಲ್ಲದ್ದಾದಾಗ ಭಯ ಅಲ್ಲಿಗೆ ಬಂದು ಮನೆ ಮಾಡುತ್ತದೆ. ದೊಡ್ಡಪ್ಪ ಕೇಳಿದ್ದಕ್ಕೆ ನನ್ನ ಉತ್ತರ ಇದೇ. ದೇಶ ಇಲ್ಲವಾಯಿತು ಅಂದರೆ ಮನೆಗಳು ಉಳಿದವು, ಮನೆ ಮನೆಯ ನಡುವೆ ಇದ್ದದ್ದು ಹೋಯಿತು.

ಯಾಕೆ ಹೋಯಿತು? ಬಡತನ ಒಂದು ಕಾರಣ. 1992ರ ಜನವರಿ 2ರಂದು ಬೆಲೆಗಳ ಮೇಲಿನ ಹಿಡಿತ ಬಿಟ್ಟರು. ಆ ಒಂದೇ ವರ್ಷ ಬೆಲೆ ಇಪ್ಪತ್ತು ಪಟ್ಟಿಗೂ ಮೀರಿ ಏರಿತು, ಜೀವಮಾನದ ಉಳಿತಾಯ ಕರಗಿಹೋಯಿತು. 1987ರ ಸುಮಾರಿಗೆ 65ರ ಹತ್ತಿರವಿದ್ದ ರಷ್ಯನ್ ಗಂಡಸರ ಸರಾಸರಿ ಆಯಸ್ಸು 1994ಕ್ಕೆ 58ಕ್ಕಿಂತ ಕೆಳಗಿಳಿಯಿತು. ಅದೇ 1994ರಲ್ಲಿ ಲಕ್ಷ ಜನಕ್ಕೆ 30ಕ್ಕಿಂತ ಹೆಚ್ಚು ಕೊಲೆಗಳಾದವು. ಆದರೆ ಬಡತನವೊಂದೇ ಕಾರಣವಾಗಿದ್ದರೆ ನಮ್ಮ ಹಳ್ಳಿಗಳಲ್ಲಿ ಯಾವತ್ತೋ ಹೀಗಾಗಬೇಕಿತ್ತು. ನನಗೆ ಕಾಣುವ ದೊಡ್ಡ ಕಾರಣ ಬೇರೆ. ಎಪ್ಪತ್ತು ವರ್ಷ ಆ ಸರ್ಕಾರ ಜನ ತಾವಾಗಿ ಒಂದೆಡೆ ಸೇರುವುದನ್ನು ಅನುಮಾನದಿಂದ ನೋಡಿತು. ಐದು ಜನ ಕೂಡಿ ಒಂದು ದೀಪದ ಬಗ್ಗೆ ತೀರ್ಮಾನ ಮಾಡುವ ರೂಢಿಯೇ ತಪ್ಪಿತ್ತು. ಸರ್ಕಾರ ಎದ್ದುಹೋದ ದಿನ ಪಕ್ಕದ ಮನೆಯವರ ಬಾಗಿಲು ತಟ್ಟಲು ಯಾರಿಗೂ ಕೈ ಬರಲಿಲ್ಲ.

ಆ ಖಾಲಿ ಜಾಗಕ್ಕೆ ನುಗ್ಗಿದವರು ಯಾರೆಂಬುದು ಗೊತ್ತಿರುವ ಕತೆ. ಅಂಗಡಿ ತೆರೆದ ಮೂರನೇ ದಿನ ಚರ್ಮದ ಜಾಕೆಟ್ಟಿನ ನಾಲ್ಕು ಹುಡುಗರು ಬಂದು ‘ನಿನ್ನ ಕ್ರಿಶಾ ಯಾರು?’ ಎಂದು ಕೇಳುತ್ತಿದ್ದರು. ಕ್ರಿಶಾ ಎಂದರೆ ಸೂರು. ಯಾರ ಸೂರಿನಡಿ ಇದ್ದೀಯೆ, ಯಾರಿಗೆ ಮಾಮೂಲಿ ಕೊಡುತ್ತೀಯೆ ಎಂದರ್ಥ. ಸಮಾಜಶಾಸ್ತ್ರಜ್ಞ ವಾದಿಂ ವೋಲ್ಕೊವ್ 2002ರ ತಮ್ಮ ಪುಸ್ತಕದಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ. ಕುಸ್ತಿ, ಬಾಕ್ಸಿಂಗ್ ಕಲಿತ ಹುಡುಗರು, ಕೆಲಸ ಕಳೆದುಕೊಂಡ ಪೊಲೀಸರು, ಗೂಢಚಾರರು ಎಲ್ಲರೂ ರಕ್ಷಣೆಯನ್ನೇ ಸರಕು ಮಾಡಿ ಮಾರಿದರು. ದುಡ್ಡಿದ್ದವರಿಗೆ ಸೂರು, ಇಲ್ಲದವರಿಗೆ ಬಯಲು.

ಇನ್ನೊಂದು ವಿಚಿತ್ರವನ್ನು ಅಮೆರಿಕದ ಕಾನೂನು ವಿದ್ವಾಂಸ ಮೈಕೆಲ್ ಹೆಲ್ಲರ್ ಗಮನಿಸಿ 1998ರಲ್ಲಿ ಬರೆದರು. ಮಾಸ್ಕೋದ ದೊಡ್ಡ ದೊಡ್ಡ ಅಂಗಡಿಗಳು ಖಾಲಿ ಬಿದ್ದಿದ್ದವು, ಅವುಗಳ ಮುಂದೆಯೇ ಕೊರೆಯುವ ಚಳಿಯಲ್ಲಿ ತಗಡಿನ ಗೂಡಂಗಡಿಗಳು ಸಾಮಾನು ತುಂಬಿಕೊಂಡು ನಿಂತಿದ್ದವು. ಒಂದು ಅಂಗಡಿಯ ಮೇಲೆ ಅನೇಕ ಕಚೇರಿಗಳಿಗೆ ಹಕ್ಕು. ಬಾಡಿಗೆಗೆ ಕೊಡಲು ಒಬ್ಬರ ಅಧಿಕಾರ, ಬಾಡಿಗೆ ಹಣ ಇನ್ನೊಬ್ಬರಿಗೆ, ಒಳಗೆ ಕೂರಲು ಮತ್ತೊಬ್ಬರ ಒಪ್ಪಿಗೆ. ಯಾರೊಬ್ಬರು ಬೇಡವೆಂದರೂ ಬಾಗಿಲು ತೆರೆಯುವಂತಿಲ್ಲ. ಯಾರದ್ದೂ ಅಲ್ಲದ್ದು ಹೇಗೆ ಹಾಳಾಗುತ್ತದೋ, ತೀರಾ ಹೆಚ್ಚು ಜನರದ್ದಾದದ್ದೂ ಹಾಗೇ ಹಾಳಾಗುತ್ತದೆ. ಕಾಡಂಚಿನವರಿಗೆ ಇದು ಹೊಸತಲ್ಲ. ಆನೆ ಕಂದಕದ ಮಣ್ಣು ಕುಸಿದರೆ ಯಾರಿಗೆ ಹೇಳಬೇಕು, ಬೆಳೆ ತುಳಿದ ಹೊಲದ ಲೆಕ್ಕ ಯಾರು ಬರೆಯಬೇಕು, ರಸ್ತೆಯ ಕಂಬದ ದೀಪ ಯಾರು ಹಾಕಬೇಕು ಎಂದು ನೀವು ಎಷ್ಟು ಮೇಜು ಸುತ್ತಿದ್ದೀರೋ ನಿಮಗೇ ಗೊತ್ತು.

ಈಗ ಮಂಗೋಲಿಯಾ. ದೂರವೆನ್ನಬೇಡಿ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಿ ಸೇರಾ ಮಠದ ಅಂಗಳದಲ್ಲಿ ನಿಂತರೆ ಟಿಬೆಟನ್ನರ ನಡುವೆ ಮಂಗೋಲಿಯಾದಿಂದ ಬಂದ ತರುಣ ಭಿಕ್ಷುಗಳು ಸಿಗುತ್ತಾರೆ. ಅವರ ದೇಶದಲ್ಲಿ 1930ರ ದಶಕದಲ್ಲಿ ಮಠಗಳನ್ನು ಕೆಡವಿ ಸಾವಿರಾರು ಲಾಮಾಗಳನ್ನು ಕೊಂದಿದ್ದರು. 1990ರಲ್ಲಿ ಆಳ್ವಿಕೆ ಬದಲಾದಾಗ ಧರ್ಮ ಕಲಿಸುವ ಗುರುಗಳೇ ಹೆಚ್ಚು ಉಳಿದಿರಲಿಲ್ಲ. ಆ ವರ್ಷ ಭಾರತದ ರಾಯಭಾರಿಯಾಗಿ ಹೋದವರು ಲಡಾಖಿನ ಕುಶೋಕ್ ಬಕುಲಾ ರಿಂಪೋಛೆ. ಹತ್ತು ವರ್ಷ ಅಲ್ಲಿದ್ದು ಮಠಗಳು ಮತ್ತೆ ಉಸಿರಾಡಲು ದುಡಿದರು. ಕಲಿಯುವ ಹುಡುಗರು ಬಂದದ್ದು ನಮ್ಮ ಕರ್ನಾಟಕಕ್ಕೆ. ರಷ್ಯಾದ ಕಲ್ಮೀಕಿಯಾದವರ ಕತೆಯೂ ಹೀಗೇ. ಅಲ್ಲಿನ ಮುಖ್ಯ ಲಾಮಾ ಆಗಿ 1992ರಲ್ಲಿ ಆರಿಸಿಬಂದ ತೆಲೊ ತುಲ್ಕು ಓದಿದ್ದು ಉತ್ತರ ಕನ್ನಡದ ಮುಂಡಗೋಡಿನ ಗೋಮಾಂಗ್ ಮಠದಲ್ಲಿ. 1960ರ ಸುಮಾರಿಗೆ ಬಿ.ಡಿ. ಜತ್ತಿಯವರ ಕಾಲದ ಮೈಸೂರು ಸರ್ಕಾರ ನಿರಾಶ್ರಿತರಿಗೆ ಮೂರು ಸಾವಿರ ಎಕರೆ ಕಾಡುಭೂಮಿ ಬಿಟ್ಟುಕೊಡದೆ ಹೋಗಿದ್ದರೆ ವೋಲ್ಗಾ ತೀರದ ಹುಲ್ಲುಗಾವಲಿನ ಗುಡಿಗಳಿಗೆ ಗುರುಗಳು ಎಲ್ಲಿಂದ ಬರುತ್ತಿದ್ದರೋ. ಇದನ್ನು ನೆನೆದಾಗ ನನಗೆ ನಮ್ಮ ಸೀಮೆಯ ಬಗ್ಗೆ ಹೆಮ್ಮೆ ಅನ್ನಿಸುತ್ತದೆ.

ಮಂಗೋಲಿಯಾದ ಆ ಭಿಕ್ಷುಗಳ ಮನೆಯವರು ಊರಲ್ಲಿ ಹೇಗಿದ್ದಾರೆ? ರಾಜಧಾನಿ ಉಲಾನ್‌ಬಾತರ್‌ನಲ್ಲಿ ಈಗ ದೇಶದ ಅರ್ಧದಷ್ಟು ಜನ ತುಂಬಿದ್ದಾರೆ. ಹಿಂದೆ ಅನುಮತಿಯಿಲ್ಲದೆ ಯಾರೂ ರಾಜಧಾನಿಗೆ ಬಂದು ನೆಲೆಸುವಂತಿರಲಿಲ್ಲ. ಬಾಗಿಲು ತೆರೆಯಿತು. ಅದರ ಮೇಲೆ 1999ರಿಂದ 2002ರವರೆಗೆ ಬಿಡದೆ ಬಂದ ಭೀಕರ ಚಳಿ, ಅವರ ಮಾತಿನಲ್ಲಿ ‘ಜುದ್’, ಲಕ್ಷಲಕ್ಷ ಜಾನುವಾರುಗಳನ್ನು ನುಂಗಿತು. ಕುರಿ, ಕುದುರೆ ಕಳೆದುಕೊಂಡವರು ಉಣ್ಣೆಯ ಗುಡಾರವನ್ನು ಮಡಚಿ ಲಾರಿಗೆ ಹೇರಿಕೊಂಡು ನಗರದ ಅಂಚಿಗೆ ಬಂದರು. 2003ರಲ್ಲಿ ಜಾರಿಗೆ ಬಂದ ಭೂಮಿಯ ಕಾನೂನು ರಾಜಧಾನಿಯಲ್ಲಿ 700 ಚದರ ಮೀಟರ್‌ವರೆಗೆ, ನಮ್ಮ ಲೆಕ್ಕದಲ್ಲಿ ಏಳು ಗುಂಟೆ, ನಾಗರಿಕರಿಗೆ ಪುಕ್ಕಟೆ ಕೊಟ್ಟಿತು. ಜನ ಸುತ್ತ ಹಲಗೆ ಬೇಲಿ ಹಾಕಿ, ಒಳಗೆ ‘ಗೆರ್’ ಎನ್ನುವ ಆ ಗುಡಾರ ಹೂಡಿದರು. ಏಳು ಗುಂಟೆ ಸಿಕ್ಕಿತು, ಬೇಲಿಯ ಆಚೆ ಏನೂ ಇರಲಿಲ್ಲ. ಚರಂಡಿ ಇಲ್ಲ, ನಲ್ಲಿ ಇಲ್ಲ. ಕ್ಯಾನು ಹಿಡಿದು ತಳ್ಳುಗಾಡಿಯಲ್ಲಿ ನೀರು ತರುವುದು ಮಕ್ಕಳ ಕೆಲಸ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಪ್ರತಿ ಗೆರ್‌ನಲ್ಲೂ ಕಲ್ಲಿದ್ದಲ ಒಲೆ. ಲಕ್ಷಾಂತರ ಒಲೆಗಳ ಹೊಗೆ ಕಣಿವೆಯಲ್ಲಿ ನಿಂತು ಅದು ಲೋಕದ ಅತಿ ಮಲಿನ ಗಾಳಿಯ ರಾಜಧಾನಿಗಳಲ್ಲಿ ಒಂದಾಯಿತು. 2019ರ ಮೇ ತಿಂಗಳಲ್ಲಿ ಕಚ್ಚಾ ಕಲ್ಲಿದ್ದಲು ಉರಿಸುವುದನ್ನೇ ನಿಷೇಧಿಸಬೇಕಾಯಿತು. ಬ್ಯಾರನ್ನಿನ ಹೊಗೆಯಲ್ಲಿ ಬೆಳೆದ ನನಗೆ ಆ ಮಕ್ಕಳ ಕೆಮ್ಮು ಇಲ್ಲಿಂದಲೇ ಕೇಳಿಸುತ್ತದೆ.

ಇಷ್ಟೆಲ್ಲ ನೋಡಿದವರು ಗಟ್ಟಿ ಕೈಯ ಒಬ್ಬ ನಾಯಕ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. ಅಂಥವರಿಗೆ ನಾನು ಜಾರ್ಜಿಯಾದ ಕತೆಯನ್ನು ಪೂರ್ತಿ ಹೇಳುತ್ತೇನೆ, ಏಕೆಂದರೆ ಅರ್ಧವನ್ನಷ್ಟೇ ಹೇಳುವವರೇ ಹೆಚ್ಚು. 2003ರ ನವೆಂಬರಿನ ಗುಲಾಬಿ ಕ್ರಾಂತಿಯ ಬೆನ್ನಿಗೆ ಸಾಕಾಶ್ವಿಲಿ ಅಧ್ಯಕ್ಷರಾದರು. ರಸ್ತೆಯಲ್ಲಿ ಕೈಚಾಚುವುದೇ ಕೆಲಸವಾಗಿದ್ದ ಸಂಚಾರ ಪೊಲೀಸರನ್ನು, ಸುಮಾರು 15–16 ಸಾವಿರ ಜನರನ್ನು, 2004ರಲ್ಲಿ ಒಮ್ಮೆಗೇ ಮನೆಗೆ ಕಳಿಸಿದರು. ಹೊಸ ಹುಡುಗ ಹುಡುಗಿಯರನ್ನು ಆರಿಸಿ, ಒಳ್ಳೆಯ ಸಂಬಳ ಕೊಟ್ಟು ಬೀದಿಗಿಳಿಸಿದರು. ಠಾಣೆಗಳಿಗೆ ಗಾಜಿನ ಗೋಡೆ ಕಟ್ಟಿದರು, ಒಳಗೇನು ನಡೆಯುತ್ತದೆಂದು ದಾರಿಹೋಕರಿಗೂ ಕಾಣಲೆಂದು. ಲಂಚ ನಿಜವಾಗಿಯೂ ಇಳಿಯಿತು. ಆದರೆ ಜೈಲಿಗೆ ಗಾಜಿನ ಗೋಡೆ ಇರಲಿಲ್ಲ. ನಲವತ್ತು ಲಕ್ಷದಷ್ಟು ಜನರ ದೇಶದಲ್ಲಿ ಕೈದಿಗಳ ಸಂಖ್ಯೆ 24 ಸಾವಿರದ ಹತ್ತಿರ ಹೋಯಿತು. 2012ರ ಸೆಪ್ಟೆಂಬರಿನಲ್ಲಿ ಕೈದಿಗಳಿಗೆ ಕೊಡುತ್ತಿದ್ದ ಚಿತ್ರಹಿಂಸೆಯ ವಿಡಿಯೋಗಳು ಹೊರಬಿದ್ದವು. ಅಕ್ಟೋಬರಿನ ಚುನಾವಣೆಯಲ್ಲಿ ಅದೇ ಜನ ಅದೇ ಪಕ್ಷವನ್ನು ಇಳಿಸಿದರು. ಬೀದಿಯ ಭಯವನ್ನು ಎತ್ತಿ ಜೈಲಿನ ಕೋಣೆಯೊಳಗೆ ಇಟ್ಟರೆ ಅದನ್ನು ನಾನು ಸುರಕ್ಷತೆ ಅನ್ನಲಾರೆ.

ಅಲ್ಬೇನಿಯಾದ ತಿರಾನಾ ನಗರ ನನಗೆ ಬಹಳ ಹಿಡಿಸುತ್ತದೆ, ಬಹಳ ನೋಯಿಸುತ್ತದೆ ಕೂಡ. 1997ರಲ್ಲಿ ಅಲ್ಲಿ ಚೀಟಿ ವ್ಯವಹಾರದಂಥ ಮೋಸದ ಕಂಪನಿಗಳು ಮುಳುಗಿ, ರೊಚ್ಚಿಗೆದ್ದ ಜನ ಶಸ್ತ್ರಾಗಾರಗಳನ್ನೇ ದೋಚಿದರು. ಐದು ಲಕ್ಷಕ್ಕೂ ಹೆಚ್ಚು ಬಂದೂಕುಗಳು ಮನೆ ಮನೆ ಸೇರಿದವು, ಸುಮಾರು 2 ಸಾವಿರ ಜನ ಸತ್ತರು. ಅಂಥ ನಗರಕ್ಕೆ 2000ದಲ್ಲಿ ಮೇಯರ್ ಆದವರು ಎದಿ ರಾಮಾ, ಚಿತ್ರಕಲಾವಿದರು. ನಗರಸಭೆಯ ಬೊಕ್ಕಸ ಬರಿದು. ಅವರು ಲಾನಾ ಹೊಳೆಯ ದಂಡೆಯನ್ನೂ ಉದ್ಯಾನವನ್ನೂ ನುಂಗಿದ್ದ ಅಕ್ರಮ ಕಟ್ಟಡಗಳನ್ನು ತೆಗೆಸಿದರು, ಬೂದುಬಣ್ಣದ ಹಳೇ ಕಟ್ಟಡಗಳಿಗೆ ಕಿತ್ತಳೆ, ಹಳದಿ, ಹಸಿರು ಹೊಡೆಸಿದರು. ಬಣ್ಣ ಕಂಡ ಬೀದಿಯಲ್ಲಿ ಜನರಿಗೆ ಧೈರ್ಯ ಬಂತೆಂದು ಅವರೇ ಹೇಳಿಕೊಂಡಿದ್ದಾರೆ, ನಾನು ನಂಬುತ್ತೇನೆ. ತನ್ನ ಬೀದಿಯನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂಬುದು ಕಣ್ಣಿಗೆ ಕಾಣಬೇಕು. ಮುಂದೆ ಅವರು ಪ್ರಧಾನಿಯಾದರು, ತಿರಾನಾದಲ್ಲಿ ಗಗನಚುಂಬಿಗಳು ಎದ್ದವು. ಕಲಾವಿದರೂ ನಾಗರಿಕರೂ ಎರಡು ವರ್ಷ ಕಾವಲು ಕೂತಿದ್ದ ಹಳೆಯ ರಾಷ್ಟ್ರೀಯ ರಂಗಮಂದಿರವನ್ನು 2020ರ ಮೇ 17ರ ನಸುಕಿನಲ್ಲಿ, ಕೊರೊನಾ ನಿರ್ಬಂಧದ ನಡುವೆಯೇ ಕೆಡವಿದರು. ಬಣ್ಣ ಹೊಡೆಸಿದವರ ಆಡಳಿತವೇ ಊರನ್ನು ಕೇಳದೆ ಬುಲ್ಡೋಜರನ್ನೂ ತಂದಿತು.

ಹಾಗಾದರೆ ಕೇಳುವ ಕ್ರಮ ಎಲ್ಲಾದರೂ ಬೇರೂರಿತೇ? ಪೋಲೆಂಡಿನಲ್ಲಿ ಬೇರೂರಿತು. ಅವರು ಬೆಲೆ, ಬ್ಯಾಂಕು, ಕಾರ್ಖಾನೆಗಳ ಸುಧಾರಣೆಯ ಜೊತೆಯಲ್ಲೇ 1990ರ ಮಾರ್ಚಿನಲ್ಲಿ ಸ್ಥಳೀಯ ಸರ್ಕಾರದ ಕಾನೂನು ಮಾಡಿ, ಮೇ 27ಕ್ಕೆ ಊರು ಊರಿನ ಚುನಾವಣೆ ನಡೆಸಿದರು. 2009ರಲ್ಲಿ ಇನ್ನೂ ಕೆಳಗಿಳಿದು ಹಳ್ಳಿಗೆ ಒಂದು ನಿಧಿ ಇಟ್ಟರು. ಅಲ್ಲಿಯ ಹಳ್ಳಿಗೆ ‘ಸೊವ್ತಿಸ್’ ಎಂಬ ಮುಖ್ಯಸ್ಥ, ನಮ್ಮ ಊರ ಯಜಮಾನರಂತೆ. ಹಳ್ಳಿಯವರು ಸಭೆ ಸೇರಿ ಬಸ್ ತಂಗುದಾಣವೋ, ಕಾಲುದಾರಿಯೋ, ಬೀದಿದೀಪವೋ ಎಂದು ತೀರ್ಮಾನಿಸಿ ಸೆಪ್ಟೆಂಬರ್ 30ರೊಳಗೆ ಬರೆದುಕೊಡಬೇಕು. ಸಭೆ ಸೇರದಿದ್ದರೆ ಮುಂದಿನ ವರ್ಷಕ್ಕೆ ಹಣ ಇಲ್ಲ.

ಉಕ್ರೇನ್ ತಡವಾಗಿ ಎಚ್ಚೆತ್ತಿತು. 2014ರಿಂದ ಆರಂಭಿಸಿ, ಹತ್ತು ಸಾವಿರಕ್ಕೂ ಹೆಚ್ಚಿದ್ದ ಬಡಕಲು ಗ್ರಾಮ ಮಂಡಳಿಗಳನ್ನು ಕೂಡಿಸಿ 2020ರ ಹೊತ್ತಿಗೆ ಸುಮಾರು 1,470 ‘ಹ್ರೊಮಾದಾ’ಗಳನ್ನು ಮಾಡಿತು. ಆ ಪದದ ಅರ್ಥವೇ ಸಮುದಾಯ. ಅಲ್ಲಿ ದುಡಿಯುವವರ ಆದಾಯ ತೆರಿಗೆಯಲ್ಲಿ ನೂರಕ್ಕೆ 60 ಭಾಗ ಅಲ್ಲೇ ಉಳಿಯುವಂತೆ ಮಾಡಿತು. 2022ರಲ್ಲಿ ಯುದ್ಧ ಬಂದಾಗ, ರಾಜಧಾನಿಯ ಆದೇಶಕ್ಕೆ ಕಾಯದೆ ನೆಲಮಾಳಿಗೆಗಳನ್ನು ಸಜ್ಜು ಮಾಡಿದವರು, ಬ್ರೆಡ್ಡು ಹಂಚಿದವರು, ಊರು ಬಿಟ್ಟು ಬಂದವರಿಗೆ ಜಾಗ ಕೊಟ್ಟವರು ಈ ಊರ ಆಡಳಿತದವರು. ಆ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿಗೆ ಸಾಲು ನಿಂತಿದ್ದ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಬಾಂಬಿನ ಎದುರು ಊರೊಟ್ಟೂ ಸಾಲದು ಎಂಬುದು ನನಗೆ ಗೊತ್ತು.

ಈಗ ಬಸ್ಸಿನ ಬಳಿ ಪ್ರಶ್ನೆ ಕೇಳಿದವರಿಗೆ ಉತ್ತರ. ಸೋವಿಯತ್ ಒಕ್ಕೂಟ ಕುಸಿದ ಒಂದೂವರೆ ವರ್ಷದಲ್ಲೇ, 1993ರ ಏಪ್ರಿಲ್ 24ರಂದು, ನಮ್ಮ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಮೇ 10ರಿಂದ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ. ಅದಕ್ಕೂ ಮುಂಚೆಯೇ, ಜನ ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದ ಸಚಿವ ಅಬ್ದುಲ್ ನಜೀರ್ ಸಾಬ್ ಅವರ 1983ರ ಕಾಯ್ದೆಯಡಿ 1987ರಲ್ಲಿ ಮಂಡಲ ಪಂಚಾಯಿತಿಗಳು ಆರಿಸಿಬಂದಿದ್ದವು, ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ. 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗಿ, ಜೇನು ಕುರುಬರ, ಕಾಡು ಕುರುಬರ, ಸೋಲಿಗರ ಹಕ್ಕಿನ ಅರ್ಜಿಯ ಮೊದಲ ಮಾತನ್ನು ಗ್ರಾಮಸಭೆಯ ಬಾಯಿಗೆ ಕೊಟ್ಟಿದೆ. ಮಾಸ್ಕೋದ ಆ ಮೆಟ್ಟಿಲ ಮೇಲೆ ಇಲ್ಲದಿದ್ದ ವಸ್ತು ನಿಮ್ಮ ಕೈಯಲ್ಲಿದೆ ಎಂದು ಹೇಳಲು ನಾನು ಇಷ್ಟು ದೂರ ಬಂದೆ.

ಆದರೆ ಅದನ್ನು ಹೇಗೆ ಬಳಸುತ್ತಿದ್ದೇವೆ? ಗ್ರಾಮಸಭೆಯ ನಡಾವಳಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಂಡದ್ದನ್ನು ನನ್ನ ಊರಲ್ಲೇ ಕಂಡಿದ್ದೇನೆ. ಸಹಿ ಹಾಕಿದವರಲ್ಲಿ ನಾನೂ ಒಬ್ಬ, ಅವತ್ತು ಅದು ತಪ್ಪೆಂದು ನನಗೆ ಹೊಳೆಯಲಿಲ್ಲ. ಕಬಿನಿ ಅಣೆಕಟ್ಟೆಗೆ ಊರು ಬಿಟ್ಟವರ ಮಕ್ಕಳು, ಕಾಡಿನಿಂದ ಎಬ್ಬಿಸಿದವರ ಮೊಮ್ಮಕ್ಕಳು ಈ ಸಭೆಯಲ್ಲಿದ್ದಾರೆ. ದೊಡ್ಡ ಸರ್ಕಾರ ಕೊಡುವುದನ್ನೂ ಕಿತ್ತುಕೊಳ್ಳುವುದನ್ನೂ ನೀವು ಪುಸ್ತಕ ಓದದೆಯೇ ಬಲ್ಲಿರಿ. ಆದ್ದರಿಂದ ಕೇಳಿಕೊಳ್ಳುತ್ತೇನೆ: ಮುಂದಿನ ಗ್ರಾಮಸಭೆಗೆ ಹಾಡಿಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ಯಾವ ಕಂಬದಲ್ಲಿ ದೀಪವಿಲ್ಲ, ಕಂದಕ ಎಲ್ಲಿ ಕುಸಿದಿದೆ, ಮಕ್ಕಳು ಯಾವ ತಿರುವಿನಲ್ಲಿ ಹೆದರುತ್ತಾರೆ ಎಂದು ಹೆಸರು ಹಿಡಿದು ಬರೆಸಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ.

ಆ ಮೆಟ್ಟಿಲ ಕತೆಯ ಕೊನೆ ಹೇಳಿ ಮುಗಿಸುತ್ತೇನೆ. ಕೆಲವು ವರ್ಷಗಳಾದ ಮೇಲೆ ಅನೇಕ ಕಟ್ಟಡಗಳಲ್ಲಿ ಜನ ತಂತಮ್ಮ ಬೀಗಗಳಿಂದ ಬೇಸತ್ತು, ಮನೆಗಿಷ್ಟು ಎಂದು ಹಣ ಹಾಕಿ, ಕೆಳಗಿನ ಪ್ರವೇಶಕ್ಕೇ ಒಂದು ಬಾಗಿಲು ಕೂರಿಸಿದರು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬ ಪಟ್ಟಿ ಗೋಡೆಗೆ ಅಂಟಿಸಿದರು. ದೀಪ ಆಮೇಲೆ ಬಂತು. 2017ರಲ್ಲಿ ಮಾಸ್ಕೋ ನಗರಾಡಳಿತ ಅಂಥ ಸಾವಿರಾರು ಕಟ್ಟಡಗಳನ್ನು ಕೆಡವುತ್ತೇವೆಂದಾಗ, ಮೆಟ್ಟಿಲಲ್ಲಿ ಮುಖ ನೋಡಿ ಗೊತ್ತಿದ್ದ ನೆರೆಯವರು ಸಭೆ ಸೇರಿದರು, ಮೇ ತಿಂಗಳಲ್ಲಿ ಸಾವಿರಾರು ಜನ ಬೀದಿಗೆ ಬಂದರು. ಕಟ್ಟಡ ಕಟ್ಟಡಕ್ಕೂ ಮತ ಹಾಕಿಸಬೇಕಾಯಿತು.

ಹೊತ್ತು ಇಳಿಯುತ್ತಿದೆ. ಹಾಡಿಯಿಂದ ನಡೆದು ಬಂದವರು ಬೆಳಕಿರುವಾಗಲೇ ಮನೆ ಸೇರಬೇಕು, ಆನೆ ನೀರಿಗೆ ಇಳಿಯುವ ವೇಳೆ. ಉಳಿದ ಮಾತನ್ನು ದಾರಿಯಲ್ಲೇ ಆಡೋಣ. ಎಲ್ಲರೂ ಒಟ್ಟಿಗೇ ಹೊರಡೋಣ, ಟಾರ್ಚ್ ಇರುವವರು ಒಬ್ಬರು ಮುಂದೆ, ಒಬ್ಬರು ಹಿಂದೆ ಇರಿ.